ಪೆರಂಬೂರು ಒಂದನ್ನು ಬಿಟ್ಟು

ನೆಲ್ಲಿಕಾರ್ ಭವನ, ಪೆರಂಬೂರು
12 ಫೆಬ್ರವರಿ 2024

ಚಿ. ಜಯಪ್ರಕಾಶನಿಗೆ,

ಆಶೀರ್ವಾದ ಎಂದು ಬರೆಯಬೇಕೋ ಬೇಡವೋ ಎಂದು ಪೆನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದೆ. ನಿನ್ನ ಅಮ್ಮ ನನ್ನ ಒಬ್ಬಳೇ ಅಕ್ಕ. ಅವಳ ಮುಖ ನೋಡಿ ಬರೆಯುತ್ತಿದ್ದೇನೆ. ಆಶೀರ್ವಾದ.

ಫೋನ್ ಮಾಡದೆ ಕಾಗದ ಯಾಕೆ ಎಂದು ನೀನು ನಗಬಹುದು. ಗಲ್ಲೆಯಲ್ಲಿ ಕುಳಿತು ಫೋನಿನಲ್ಲಿ ಅಳಿಯನನ್ನು ಬೈದರೆ ನೀರು ಇಡುವವನಿಂದ ಹಿಡಿದು ಬಿಲ್ಲು ಕೊಡಲು ನಿಂತ ಗಿರಾಕಿಯವರೆಗೆ ಎಲ್ಲರಿಗೂ ಕೇಳುತ್ತದೆ. ನಮ್ಮ ಮನೆಯ ಮಾತು ಪೆರಂಬೂರಿನ ಬೀದಿಗೆ ಬೇಡ. ಮೇಲಾಗಿ ಫೋನಿನಲ್ಲಿ ನೀನು ಮಾತಿಗೆ ಮಾತು ಜೋಡಿಸಿದರೆ ನನಗೆ ಉತ್ತರ ಹೊಳೆಯುವುದಿಲ್ಲ. ಕಾಗದವಾದರೆ ನಾನು ಹೇಳಿ ಮುಗಿಸುವವರೆಗೆ ನೀನು ಬಾಯಿ ಮುಚ್ಚಿಕೊಂಡಿರಲೇಬೇಕು.

ಮೊನ್ನೆ ಶನಿವಾರ ಮಧ್ಯಾಹ್ನ ವಿಲ್ಲಿವಾಕ್ಕಂನಿಂದ ಒಬ್ಬ ಹೆಂಗಸು ಬಂದರು. ಮಗಳ ಸೀಮಂತದ ಊಟಕ್ಕೆ ನಮ್ಮಲ್ಲಿ ಹೇಳಿಯಾಗಿದೆಯಂತೆ, ಸಾರಿಗೆ ಖಾರ ಕಡಿಮೆ ಇರಲಿ ಎಂದು ತಿಳಿಸಲು ಬಂದರಂತೆ. ಅಂಥ ಆರ್ಡರೇ ನನ್ನಲ್ಲಿ ಇಲ್ಲ. ಇಲ್ಲ ಎಂದರೆ ಆಕೆ ಬಿಡಬೇಕಲ್ಲ! "ಎನ್ನ ಸಾರ್, ನೇತ್ತು ದಾನೇ ಫೋನ್‌ಲ ಪೇಸಿನೋಂ!" ಎಂದು ಜೋರು ಮಾಡಿದರು. ನಿನ್ನೆ ತಾನೇ ಮಾತಾಡಿದ್ದಂತೆ. ಯಾರ ಹತ್ತಿರ?

ಕೋಚ್ ಫ್ಯಾಕ್ಟರಿಯಿಂದ ನಿವೃತ್ತರಾದ ನಮ್ಮ ಕಮಲಾಕರ ರಾಯರು ನಿನಗೆ ಗೊತ್ತಲ್ಲ, ಬೆಳಗಿನ ಕಾಫಿಗೆ ಬಂದು ಊಟದ ಹೊತ್ತಿನವರೆಗೆ ಕೂರುವವರು, ಅವರು ಆಕೆಯ ಫೋನ್ ತೆಗೆದುಕೊಂಡು ನೋಡಿ ನನಗೆ ತೋರಿಸಿದರು. ಗೂಗಲ್‌ನಲ್ಲಿ ನೆಲ್ಲಿಕಾರ್ ಭವನ ಎಂದು ಹುಡುಕಿದರೆ ಎಲ್ಲಕ್ಕಿಂತ ಮೇಲೆ ಬರುವುದು ನಿನ್ನ ಜಾಹೀರಾತು. "ನೆಲ್ಲಿಕಾರಿನ ರುಚಿ ಬೇಕೇ? ಪಂಚಕಜ್ಜಾಯ, ಅಣ್ಣಾ ನಗರ. ಸೀಮಂತ, ಆರತಕ್ಷತೆ, ಎಲ್ಲ ಸಮಾರಂಭಗಳಿಗೆ." ಕೆಳಗೆ ನಿನ್ನ ನಂಬರು. ನನ್ನ ಹೋಟೆಲು ಅದರ ಕೆಳಗೆ, ಬೆರಳಿನಿಂದ ಜಾರಿಸಿದರೆ ಮಾತ್ರ ಕಾಣುತ್ತದೆ. ಹೋಟೆಲಿಗೆ ಪ್ರಸಾದದ ಹೆಸರಿಟ್ಟುಕೊಂಡು ಮಾಡುವ ಕೆಲಸ ಇದು.

ನಾನು ಮದ್ರಾಸಿಗೆ ಬಂದಾಗ ರಾಯಪುರಂನಲ್ಲಿ ಶೀನಣ್ಣನ ಹೋಟೆಲಿನಲ್ಲಿ ಲೋಟ ತೊಳೆದವನು. ಸ್ವಂತಕ್ಕೆ ಒಲೆ ಹೂಡುವಾಗ ಅವರನ್ನೇ ಕರೆದುಕೊಂಡು ಬಂದೆ. ಅವರೇ ಬೆಂಕಿ ಹಚ್ಚಿ, ಹಾಲು ಉಕ್ಕಿಸಿ, "ರಾಯಪುರದ ಗಿರಾಕಿ ನಿನ್ನ ಬಾಗಿಲಿಗೆ ಬಂದ್ರೆ ಊಟ ಹಾಕು ಮಾರಾಯ, ಆದ್ರೆ ನೀನಾಗಿ ಕರೀಲಿಕ್ಕೆ ಹೋಗ್ಬೇಡ" ಎಂದರು. ನಮ್ಮ ಹೋಟೆಲಿನವರಲ್ಲಿ ಈ ಕಟ್ಟು ಯಾರಿಗೆ ಗೊತ್ತಿಲ್ಲ? ಸೌಟು ಹಿಡಿಯಲು ಕಲಿತ ಬೀದಿಯಲ್ಲಿ ನಾವು ಒಲೆ ಹೂಡುವುದಿಲ್ಲ, ಆ ಗಲ್ಲೆಯ ಎದುರು ನಿಂತು ಗಿರಾಕಿಯನ್ನು ಕೂಗುವುದಿಲ್ಲ. ನೀನು ಅಣ್ಣಾ ನಗರಕ್ಕೆ ಹೋದಾಗ, ಬಿಟ್ಟು ಹೋದರೂ ದೂರ ಹೋದನಲ್ಲ, ಅಷ್ಟಾದರೂ ಮರ್ಯಾದೆ ಇಟ್ಟುಕೊಂಡ ಎಂದುಕೊಂಡಿದ್ದೆ. ನೋಡಿದರೆ ನೀನು ನನ್ನ ಹೊಸಿಲಿನ ಮೇಲೆಯೇ ನಿಂತಿದ್ದೀಯ.

ನಮ್ಮದು ಅಳಿಯಕಟ್ಟಿನ ಮನೆ. ನನ್ನ ಬಳಿಕ ಈ ಹೋಟೆಲು ನಿನ್ನದೇ ಆಗುತ್ತಿತ್ತು. ಅಷ್ಟು ಅವಸರ ಏನಿತ್ತು? ನನ್ನ ಹೋಟೆಲಿನ ಹೆಸರನ್ನು ನಿನ್ನ ಜಾಹೀರಾತಿನಿಂದ ತೆಗೆ. ಬೇರೆ ಏನನ್ನೂ ನಾನು ಕೇಳುತ್ತಿಲ್ಲ.

ನಿನ್ನ ಮಾವ,
ಮೋನಪ್ಪ


ಪಂಚಕಜ್ಜಾಯ, ಅಣ್ಣಾ ನಗರ
21 ಫೆಬ್ರವರಿ 2024

ಪೂಜ್ಯ ಮಾವನವರಿಗೆ ಜಯಪ್ರಕಾಶನ ನಮಸ್ಕಾರಗಳು.

ವಿಲ್ಲಿವಾಕ್ಕಂನವರ ಸೀಮಂತ ಚೆನ್ನಾಗಿಯೇ ನಡೆಯಿತು. ಸಾರಿಗೆ ಖಾರ ಕಡಿಮೆ ಹಾಕಿಸಿದೆ. ನೀವು ಆ ಮಾತು ಬರೆದು ತಿಳಿಸಿದ್ದಕ್ಕೆ ಉಪಕಾರವಾಯಿತು.

ನಾನು ಏನೋ ಕಳ್ಳತನ ಮಾಡಿದವನ ಹಾಗೆ ಬರೆದಿದ್ದೀರಿ. ಈ ಜಾಹೀರಾತು ಹುಟ್ಟಿದ್ದು ಎಲ್ಲಿ ಎಂಬುದು ನಿಮಗೆ ಮರೆತಿರಬಹುದು, ನನಗೆ ಮರೆತಿಲ್ಲ. ಎರಡು ವರ್ಷದ ಹಿಂದೆ, ನಿಮ್ಮ ಹೋಟೆಲಿನ ಹಿಂದಿನ ಕೋಣೆಯಲ್ಲಿ, ಅಕ್ಕಿ ಮೂಟೆಯ ಮೇಲೆ ಕುಳಿತು ನಾನೇ ಹಾಕಿದ ಯೋಜನೆ ಅದು. ನಿಮ್ಮ ಹೋಟೆಲಿಗಾಗಿ ಹಾಕಿದ್ದು. ಬಿಲ್ಲು ಕೊಡಲು ಬಂದ ಒಬ್ಬೊಬ್ಬರನ್ನೂ ನಿಲ್ಲಿಸಿ, ಅಡುಗೆಯವರು ಬೇಕಾದರೆ ಫೋನಿನಲ್ಲಿ ಏನೆಂದು ಬರೆದು ಹುಡುಕುತ್ತೀರಿ ಎಂದು ತಿಂಗಳುಗಟ್ಟಲೆ ಕೇಳಿದ್ದೇನೆ. ಯಾವ ಪದಕ್ಕೆ ನಾವು ಕಾಣಿಸಿಕೊಳ್ಳಬೇಕು ಎನ್ನುವುದಕ್ಕಿಂತ ಯಾವುದಕ್ಕೆ ಕಾಣಿಸಿಕೊಳ್ಳಬಾರದು ಎನ್ನುವುದೇ ಕಷ್ಟದ ಕೆಲಸ. ಬಿರಿಯಾನಿ, ಮೀನು ಎಂದು ಹುಡುಕುವವರಿಗೆ ನಾವು ಕಂಡರೆ ರಾಯಪುರಂನಿಂದ ಮೀನು ಫ್ರೈ ಕೇಳಿಕೊಂಡು ಫೋನ್ ಬರುತ್ತದೆ, ಅವರು ಜಾಹೀರಾತು ಒತ್ತಿದ್ದಕ್ಕೆ ಗೂಗಲ್‌ಗೆ ದುಡ್ಡು ನಮ್ಮದು ಹೋಗುತ್ತದೆ. ಯಾವ ಏರಿಯಾ, ಯಾವ ಹೊತ್ತು, ಒತ್ತಿದ ಮೇಲೆ ತೆರೆಯುವ ಪುಟದಲ್ಲಿ ಯಾವ ಚಿತ್ರ, ಎಲ್ಲವನ್ನೂ ಯೋಚಿಸಿದ್ದೆ. ಮಧ್ಯಾಹ್ನದ ಊಟ ಮುಗಿದ ಮೇಲೆ ಮಾತ್ರ ಜಾಹೀರಾತು ಓಡಲಿ, ಮಾವ ಫೋನ್ ಎತ್ತುವುದು ಆಗಲೇ ಎಂಬುದನ್ನು ಸಹ ಬರೆದುಕೊಂಡಿದ್ದೆ.

ಆ ಯೋಜನೆಯಲ್ಲಿ ಎಲ್ಲಕ್ಕಿಂತ ಮೊದಲು ಇದ್ದ ಪದ ನಿಮ್ಮ ಹೋಟೆಲಿನ ಹೆಸರೇ. ನಮ್ಮ ಹೆಸರು ಹುಡುಕಿದಾಗ ಮೊದಲು ಕಾಣುವ ಜಾಗವನ್ನು ಗೂಗಲ್‌ನಿಂದ ನಾವೇ ಕೊಂಡುಕೊಳ್ಳದಿದ್ದರೆ ಬೇರೆ ಯಾರಾದರೂ ಕೊಳ್ಳುತ್ತಾರೆ ಎಂದು ನಿಮಗೆ ಬಿಡಿಸಿ ಹೇಳಿದೆ. ನೀವು ಏನೆಂದಿರಿ? "ನನ್ನ ಹೆಸರಿಗೆ ನಾನೇ ದುಡ್ಡು ಕೊಡುವುದಾ? ನಿಂಗೆ ಮಂಡೆ ಸಮ ಉಂಟಾ?" ಅಡುಗೆಯವರು ನಕ್ಕರು, ಕಮಲಾಕರ ರಾಯರು ನಕ್ಕರು. ಆ ಹಾಳೆಗಳಲ್ಲೇ ನೀವು ಗಿರಾಕಿಗೆ ಗೋಳಿಬಜೆ ಕಟ್ಟಿಕೊಟ್ಟಿರಿ. ಎಣ್ಣೆ ಹೀರಿ ನನ್ನ ಅಕ್ಷರಗಳು ಕಪ್ಪಾಗುವುದನ್ನು ನಾನು ನಿಂತು ನೋಡಿದೆ.

ಯೋಜನೆ ಈಗಲೂ ಅದೇ, ಮಾವ. ಒತ್ತಿದವರು ತಲುಪುವ ಬಾಗಿಲು ಬೇರೆ, ಜಾಹೀರಾತು ಬೆಳಿಗ್ಗೆಯಿಂದಲೇ ಓಡುತ್ತದೆ, ಅಷ್ಟೇ. ಒಬ್ಬರು ಒತ್ತಿದರೂ ನಾನು ದುಡ್ಡು ತೆರಬೇಕು. ನಿಮ್ಮ ಹೊಸಿಲಿನ ಮೇಲೆ ನಾನು ಪುಕ್ಕಟೆ ನಿಂತಿಲ್ಲ. ಅಳಿಯಕಟ್ಟು ಎನ್ನುತ್ತೀರಿ. ನೀವು ಇರುವಾಗ ನನ್ನ ಒಂದೇ ಒಂದು ಮಾತು ನಡೆಯದ ಹೋಟೆಲು ನೀವು ಹೋದ ಮೇಲೆ ನನಗೆ ಯಾಕೆ? ಒಲೆ ಹಚ್ಚಲು ನಿಮ್ಮನ್ನು ಕರೆದಿದ್ದೆ. ನೀವು ಬರಲಿಲ್ಲ. ನನ್ನ ಪಾರ್ಟ್‌ನರ್ ಹಾಲು ಉಕ್ಕಿಸಿದ.

ಹೆಸರು ತೆಗೆಯಲು ಆಗುವುದಿಲ್ಲ. ಅತ್ತೆಗೆ ನಮಸ್ಕಾರ ತಿಳಿಸಿ.

ನಿಮ್ಮ ಅಳಿಯ,
ಜಯಪ್ರಕಾಶ್


ಪೆರಂಬೂರು
9 ಮಾರ್ಚ್ 2024

ಜಯಪ್ರಕಾಶನಿಗೆ,

ಆ ದಿನ ಬಾಳೆ ಎಲೆ ಮುಗಿದಿತ್ತು. ಕೈಗೆ ಸಿಕ್ಕಿದ ಕಾಗದದಲ್ಲಿ ಕಟ್ಟಿದೆ. ಗೋಳಿಬಜೆ ಕಟ್ಟಿದ ಕಾಗದವನ್ನು ಎರಡು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಳ್ಳುವವನು ನೀನೊಬ್ಬನೇ ಇರಬೇಕು.

ನಿನ್ನ ಉದ್ದದ ಕಾಗದದಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಒಂದೇ ಮಾತು. ಒಬ್ಬರು ಒತ್ತಿದರೂ ನೀನು ದುಡ್ಡು ತೆರಬೇಕಂತೆ! ಸರಿ. ನಮಗೂ ಯೋಜನೆ ಹಾಕಲು ಬರುತ್ತದೆ. ಈಗ ನಮ್ಮಲ್ಲಿ ಬೆಳಗಿನ ಕಾಫಿಯ ಜೊತೆಗೆ ಒಂದು ಹೊಸ ಪದ್ಧತಿ. ಕಮಲಾಕರ ರಾಯರು, ವಾಕಿಂಗ್ ಮುಗಿಸಿ ಬರುವ ಅವರ ಗೆಳೆಯರು, ವರ್ಕ್‌ಶಾಪಿಗೆ ಹೋಗುವ ಹುಡುಗರು, ಬಾಗಿಲಲ್ಲಿ ಹೂ ಮಾರುವ ಸೆಲ್ವಿ, ಎಲ್ಲರೂ ನನ್ನ ಹೋಟೆಲಿನ ಹೆಸರು ಹುಡುಕಿ ನಿನ್ನ ಜಾಹೀರಾತನ್ನು ಒತ್ತುತ್ತಾರೆ. ನಿನ್ನ ಎಲೆ ಊಟದ ಚಿತ್ರ ನೋಡುತ್ತಾರೆ. ಪಲ್ಯಕ್ಕೆ ಕಾಯಿತುರಿ ಸಾಲದು ಎನ್ನುತ್ತಾರೆ. ಅದನ್ನು ಮುಚ್ಚಿ ಕಾಫಿ ಕುಡಿಯುತ್ತಾರೆ. ಸಕ್ಕರೆ ಕಾಯಿಲೆಯವರಿಗೂ ಈ ಸಿಹಿಗೆ ಡಾಕ್ಟರರ ಅಡ್ಡಿ ಇಲ್ಲ.

ನಗು ಅಷ್ಟೇ. ನಗು ಬಿಟ್ಟು ಹೇಳುವುದಾದರೆ, ಈ ತಿಂಗಳು ನಮಗೆ ಒಂದೇ ಒಂದು ದೊಡ್ಡ ಅಡುಗೆಯ ಆರ್ಡರ್ ಬಂದಿಲ್ಲ. ಬರೀ ಕಾಫಿ ಇಡ್ಲಿಯಲ್ಲಿ ಈ ಹೋಟೆಲು ನಿಲ್ಲುವುದಿಲ್ಲ ಎಂಬುದು ನಿನಗೆ ಗೊತ್ತು. ಅಡುಗೆಯವರಲ್ಲಿ ಇಬ್ಬರನ್ನು ಊರಿಗೆ ಕಳಿಸಿದೆ. ಹೋಗುವಾಗ ಅವರು ನಿನ್ನನ್ನು ಕೇಳಿದರು. ಚೆನ್ನಾಗಿದ್ದಾನೆ ಎಂದೆ.

ಹೆಸರು ತೆಗೆ.

ಮೋನಪ್ಪ


ಪೆರಂಬೂರು
27 ಏಪ್ರಿಲ್ 2024

ಚಿ. ಜಯಪ್ರಕಾಶನಿಗೆ ಮಾವನ ಮನಸಾರೆ ಆಶೀರ್ವಾದಗಳು.

ಒತ್ತಲು ಏನೂ ಸಿಗುತ್ತಿಲ್ಲ ಎಂದು ಕೆಲವು ದಿನಗಳಿಂದ ಕಮಲಾಕರ ರಾಯರು ಹೇಳುತ್ತಿದ್ದರು. ಕನ್ನಡಕ ಬದಲಿಸಿ ಎಂದೆ. ಆಮೇಲೆ ನಾನೇ ನೋಡಿದೆ. ನಂಬಿಕೆ ಬಾರದೆ ಸೆಲ್ವಿಯ ಫೋನಿನಲ್ಲಿ ನೋಡಿದೆ, ವರ್ಕ್‌ಶಾಪಿನ ಹುಡುಗರ ಫೋನಿನಲ್ಲಿ ನೋಡಿದೆ, ನಿನ್ನ ಅತ್ತೆಯ ಫೋನಿನಲ್ಲಿ ನೋಡಿದೆ. ಎಲ್ಲದರಲ್ಲೂ ಮೊದಲು ಬರುವುದು ನಮ್ಮ ನೆಲ್ಲಿಕಾರ್ ಭವನವೇ. ನಿನ್ನ ಜಾಹೀರಾತು ಎಲ್ಲೂ ಇಲ್ಲ.

ನನ್ನ ಹಿಂದಿನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಕೋಪ ಇನ್ನೂ ಇಳಿದಿಲ್ಲ ಎಂದುಕೊಂಡಿದ್ದೆ. ನೀನು ನೋಡಿದರೆ ಬರೆಯದೆ, ಹೇಳದೆ, ಮಾಡಿ ತೋರಿಸಿದ್ದೀಯ. ಸೋತೆ ಎಂದು ಬಾಯಿ ಬಿಟ್ಟು ಹೇಳುವುದು ನಮ್ಮ ಮನೆಯ ಗಂಡಸರಿಗೆ ಆಗದ ಕೆಲಸ, ಅದು ನನಗೂ ಗೊತ್ತು. ಆ ದಿನ ಅಂಗಡಿಗೆ ಬಂದವರಿಗೆಲ್ಲ ನಾನು ಜಿಲೇಬಿ ಕೊಟ್ಟೆ. ಯಾಕೆ ಎಂದು ಕೇಳಿದವರಿಗೆ, "ನಮ್ಮ ಅಳಿಯ ತೆಗ್ದ" ಎಂದಷ್ಟೇ ಹೇಳಿದೆ. ಏನು ತೆಗೆದ ಎಂದು ಅರ್ಧ ಜನಕ್ಕೆ ಗೊತ್ತೇ ಇಲ್ಲ. ಆದರೂ ತಿಂದರು.

ಇನ್ನೊಂದು ವಿಷಯ. ಮಾಂಬಳಂನ ವಿಷ್ಣುತೀರ್ಥ ರಾಯರ ಮೊಮ್ಮಗ ಅನಿಕೇತನಿಗೆ ಜೂನಿನಲ್ಲಿ ಮದುವೆ. ಧಾರೆಯ ಊಟ ಅವರ ಮಠದ ಅಡುಗೆಯವರದು. ಆರತಕ್ಷತೆ ಮಾತ್ರ ರಾಯರ ಮಕ್ಕಳ ಮದುವೆಯ ಕಾಲದಿಂದಲೂ ನಮ್ಮದು. ಈ ಸಲ ಅದನ್ನು ನೀನು ಮಾಡು. ನಾನು ಮಾತಾಡಿಯಾಗಿದೆ, ನನ್ನ ಅಳಿಯ ಬರುತ್ತಾನೆ ಎಂದಿದ್ದೇನೆ. ಇಲ್ಲಿ ಅಡುಗೆಯವರು ಕಡಿಮೆ ಇದ್ದಾರೆ ಎಂಬುದು ಒಂದು ಕಾರಣ. ನಿಜವಾದ ಕಾರಣವನ್ನು ಬರೆಯುವುದಿಲ್ಲ, ನಿನಗೆ ತಿಳಿಯುತ್ತದೆ. ರಾಯರ ಹೆಂಡತಿ ಜಯಲಕ್ಷ್ಮಮ್ಮನವರಿಗೆ ಬಾದಾಮಿ ಹಲ್ವ ಬಿಸಿ ಇರುವಾಗಲೇ ಎಲೆಗೆ ಬೀಳಬೇಕು, ಮರೆಯಬೇಡ.

ಇಲ್ಲಿಯವರ ಆಷಾಢವಾದ ಆಡಿ ತಿಂಗಳು ಕಳೆದ ಮೇಲೆ ನಮ್ಮ ಕಾಫಿಯ ಬಳಗವನ್ನೆಲ್ಲ ಕಟ್ಟಿಕೊಂಡು ನಿನ್ನ ಹೋಟೆಲಿಗೆ ಬರುತ್ತೇನೆ. ಒಂದು ಒಲೆಯನ್ನು ಆರಿಸಿ ಇಟ್ಟಿರು. ತಡವಾಗಿಯಾದರೂ ನಾನೇ ಹಚ್ಚುತ್ತೇನೆ.

ನಿನ್ನ ಪ್ರೀತಿಯ ಮಾವ,
ಮೋನಪ್ಪ


ಅಣ್ಣಾ ನಗರ
8 ಮೇ 2024

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಕಾಗದ ತಲುಪಿತು. ಅನಿಕೇತ್ ಅವರ ಆರತಕ್ಷತೆಯ ಬಗ್ಗೆ ವಿಷ್ಣುತೀರ್ಥ ರಾಯರ ಹತ್ತಿರ ಮಾತಾಡಿದ್ದೇನೆ. ನಿಮ್ಮ ಹೆಸರಿಗೆ ಕುಂದು ಬಾರದ ಹಾಗೆ ನಡೆಸುತ್ತೇನೆ. ಹಲ್ವದ ವಿಷಯ ನೆನಪಿಟ್ಟುಕೊಂಡಿದ್ದೇನೆ.

ಯೋಜನೆಯನ್ನು ಸ್ವಲ್ಪ ಬದಲಿಸಿದ್ದೇನೆ. ಪೆರಂಬೂರಿನಲ್ಲಿ ಇನ್ನು ಮುಂದೆ ನಿಮಗೆ ಆ ತೊಂದರೆ ಇರುವುದಿಲ್ಲ.

ಆಡಿ ಕಳೆದ ಮೇಲೆ ಬನ್ನಿ.

ನಿಮ್ಮ ಅಳಿಯ,
ಜಯಪ್ರಕಾಶ್


ಪೆರಂಬೂರು
5 ಆಗಸ್ಟ್ 2024

ಚಿ. ಜಯಪ್ರಕಾಶನಿಗೆ ಅತ್ತೆಯ ಆಶೀರ್ವಾದಗಳು.

ನಾನು ಕಾಗದ ಬರೆದು ಎಷ್ಟೋ ವರ್ಷವಾಯಿತು. ಅಕ್ಷರ ಓರೆಯಾಗಿದ್ದರೆ ಹೊಂದಿಸಿಕೊಂಡು ಓದು. ನಿನ್ನ ಮಾವ ಗಲ್ಲೆಯಲ್ಲಿದ್ದಾರೆ, ಈ ಕಾಗದದ ವಿಷಯ ಅವರಿಗೆ ಗೊತ್ತಿಲ್ಲ.

ಹೊಸ ಸೊಸೆಯ ಕೈಯಿಂದ ಅರಿಶಿನ ಕುಂಕುಮಕ್ಕೆ ಎಂದು ಜಯಲಕ್ಷ್ಮಮ್ಮ ಕಳೆದ ವಾರ ನನ್ನನ್ನು ಮಾಂಬಳಂಗೆ ಕರೆದಿದ್ದರು. ಆರತಕ್ಷತೆಯ ಊಟವನ್ನು ಎಲ್ಲರೂ ಬಾಯಿ ತುಂಬ ಹೊಗಳಿದರು. ನನಗೆ ಹೆಮ್ಮೆಯೇ ಆಯಿತು, ಸುಳ್ಳು ಹೇಳುವುದಿಲ್ಲ. ಅನಿಕೇತನ ತಂಗಿ ಸುಮೇಧಾ, ಜಾಹೀರಾತಿನ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ, "ಆಂಟಿ, ನಿಮ್ಮ ಹೋಟ್ಲಿಗೆ ಒಳ್ಳೇ ರಿವ್ಯೂ ಹಾಕ್ತೀನಿ ಇರಿ" ಎಂದು ಫೋನ್ ತೆಗೆದಳು. ನಮ್ಮ ಹೋಟೆಲಿನ ಹೆಸರು ಬರೆದಳು, ಮೊದಲು ಬಂದದ್ದು ಬೇರೆ ಹೆಸರು. ನನಗೆ ತೋರಿಸಿ, "ಇದೇನು ಆಂಟಿ, ಫಸ್ಟು ಪಂಚಕಜ್ಜಾಯ ಅಂತ ವರ್ದು? ಇದೂ ನಿಮ್ಮ ಬ್ರಾಂಚಾ?" ಎಂದು ಕೇಳಿದಳು.

ಅದು ಹೇಗೆ ಬಂತು, ತೆಗೆದಾಗಿದೆಯಲ್ಲ ಎಂದೆ. ನಮ್ಮ ಮನೆಯಲ್ಲಿ ನೋಡಿದರೆ ಇಲ್ಲ ಎಂದೂ ಹೇಳಿದೆ. ಅವಳು ಅದೇನು ದೊಡ್ಡದಲ್ಲ ಎಂಬಂತೆ ಸಹಜವಾಗಿ ಹೇಳಿಬಿಟ್ಟಳು. "ಅದೇನು ಪೆರಿಯ ವಿಷಯ ಅಲ್ಲ ಆಂಟಿ. ಬೇಡದ ಏರಿಯಾ ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲಾ ಕಡೆ ಬರೋ ಹಾಗೆ ಸೆಟ್ ಮಾಡಬಹುದು." ನಗುತ್ತ ತಾಂಬೂಲ ತೆಗೆದುಕೊಂಡು ಹೊರಟೆ. ಬಸ್ಸಿನಲ್ಲಿ ಕುಳಿತು ನನ್ನ ಫೋನಿನಲ್ಲಿ ನಾನೇ ನೋಡುತ್ತ ಬಂದೆ. ಕೀಲ್ಪಾಕ್‌ನಲ್ಲಿ ನೀನು ಇದ್ದೆ. ಅಯನಾವರಂನಲ್ಲಿ ಇದ್ದೆ. ಪೆರಂಬೂರಿಗೆ ಬಂದು ಇಳಿದ ಮೇಲೆ ನೋಡಿದರೆ ಇರಲಿಲ್ಲ.

ನಿನ್ನ ಮಾವನಿಗೆ ನಾನು ಹೇಳಿಲ್ಲ. ಹೇಗೆ ಹೇಳಲಿ? ದಿನಕ್ಕೆ ಒಬ್ಬರ ಹತ್ತಿರವಾದರೂ "ನಮ್ಮ ಅಳಿಯ ತೆಗ್ದ" ಎನ್ನದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಅಡುಗೆಯ ಆರ್ಡರುಗಳು ಇನ್ನೂ ಬರುತ್ತಿಲ್ಲ. ಕೇಳಿದರೆ, "ಆಡಿಯಲ್ಲಿ ಯಾರು ಸಮಾರಂಭ ಮಾಡ್ತಾರೆ ರತ್ನಾ? ಆವಣಿ ಬರ್ಲಿ, ನೋಡು" ಎನ್ನುತ್ತಾರೆ. ಹಿಂದಿನ ವರ್ಷಗಳಲ್ಲಿ ಮುಂದಿನ ತಿಂಗಳಾದ ಆವಣಿಯ ಮದುವೆಗಳಿಗೆ ಆಡಿಯಲ್ಲೇ ಜನ ಬಂದು ಹೇಳಿ ಹೋಗುತ್ತಿದ್ದರು. ಅದನ್ನು ಅವರು ಮರೆತಿದ್ದಾರೋ, ಮರೆತ ಹಾಗೆ ಮಾಡುತ್ತಿದ್ದಾರೋ ನನಗೆ ತಿಳಿಯುವುದಿಲ್ಲ.

ಇಪ್ಪತ್ತಮೂರನೇ ತಾರೀಕು ಶುಕ್ರವಾರ ನಿನ್ನಲ್ಲಿಗೆ ಬರುವುದೆಂದು ನಿಶ್ಚಯ ಮಾಡಿದ್ದಾರೆ. ಕಮಲಾಕರ ರಾಯರಿಗೆ ಎಲ್ಲಿ ಹೋದರೂ ಫೋನ್ ತೆಗೆದು ಹುಡುಕುವ ಚಟ. ಅಣ್ಣಾ ನಗರದಲ್ಲಿ, ಅದೂ ನಿನ್ನ ಮೇಜಿನ ಮೇಲೆ, ಅಷ್ಟು ಜನರ ಎದುರು ಅದು ಕಾಣಿಸಿದರೆ ಏನಾಗಬಹುದು ಎಂದು ನೀನೇ ಯೋಚಿಸು. ಅಷ್ಟರೊಳಗೆ ಆ ಹೆಸರನ್ನು ನಿಜವಾಗಿ ತೆಗೆದುಬಿಡು. ತೆಗೆದರೆ ಈ ಕಾಗದವನ್ನು ನಾನು ಬರೆದೇ ಇಲ್ಲ ಎಂದುಕೊಳ್ಳುತ್ತೇನೆ.

ನಿನ್ನ ಅತ್ತೆ,
ರತ್ನಾವತಿ


ಅಣ್ಣಾ ನಗರ
13 ಆಗಸ್ಟ್ 2024

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ನಾನು ಮಾವನಿಗೆ ಮೋಸ ಮಾಡಲು ಹೊರಟವನಲ್ಲ. ಮೊದಲು ಅದನ್ನು ನಂಬಿ. ಮಾರ್ಚಿನಲ್ಲಿ ನಮ್ಮ ಜಾಹೀರಾತಿಗೆ ದಿನಕ್ಕೆ ಇಷ್ಟೆಂದು ಇಟ್ಟ ದುಡ್ಡು ಬೆಳಿಗ್ಗೆ ಕಾಫಿ ಹೊತ್ತಿಗೇ ಖಾಲಿಯಾಗಲು ಶುರುವಾಯಿತು. ಒತ್ತುವವರೆಲ್ಲ ಪೆರಂಬೂರಿನವರು, ಒಬ್ಬರೂ ಫೋನ್ ಮಾಡುವವರಲ್ಲ. ಮಧ್ಯಾಹ್ನ ನಿಜವಾದ ಗಿರಾಕಿ ಹುಡುಕುವ ಹೊತ್ತಿಗೆ ನಾವು ಎಲ್ಲೂ ಕಾಣುತ್ತಿರಲಿಲ್ಲ. ಯೋಜನೆ ಹಾಕುವವನು ಎಲ್ಲಿ ಸೋರುತ್ತಿದೆ ಎಂದು ನೋಡಿ ಅಲ್ಲಿ ಮುಚ್ಚಬೇಕು. ಪೆರಂಬೂರನ್ನು ಬಿಟ್ಟೆ. ಅಷ್ಟೇ ನಾನು ಮಾಡಿದ್ದು.

ಆಮೇಲೆ ಮಾವನ ಕಾಗದ ಬಂತು. ಜಿಲೇಬಿ ಕೊಟ್ಟೆ ಎಂದು ಬರೆದಿದ್ದರು. ನಾಲ್ಕು ಸಲ ಉತ್ತರ ಬರೆದು ಹರಿದು ಹಾಕಿದೆ. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಅವರಿಗೆ ಎರಡನೇ ಸಲ ಹೊಡೆದ ಹಾಗೆ ಆಗುತ್ತಿತ್ತು. ಅವರು ಅಷ್ಟು ಸಂತೋಷದಲ್ಲಿ ಇರುವಾಗ ನಾನು ಯಾಕೆ ಕೆಡಿಸಲಿ?

ಹೆಸರು ತೆಗೆ ಎನ್ನುವುದು ಸುಲಭ. ನಮಗೆ ಬರುವ ದೊಡ್ಡ ಆರ್ಡರುಗಳಲ್ಲಿ ಹೆಚ್ಚಿನವು ಆ ಹೆಸರಿನಿಂದಲೇ ಬರುತ್ತವೆ. ನಾನು ಆಯ್ದ ಬೇರೆ ಪದಗಳಲ್ಲಿ ಯಾವುದೂ ಅದರ ಹತ್ತಿರಕ್ಕೂ ಬರುವುದಿಲ್ಲ. ಅದನ್ನು ತೆಗೆದರೆ ಪಾರ್ಟ್‌ನರ್ ನನ್ನನ್ನು ತೆಗೆಯುತ್ತಾನೆ. ಮತ್ತೆ ಪೆರಂಬೂರಿಗೆ ಬಂದು ಅಕ್ಕಿ ಮೂಟೆಯ ಮೇಲೆ ಕೂರಲು ನನ್ನಿಂದ ಆಗದು.

ಶುಕ್ರವಾರದ ಬಗ್ಗೆ ನೀವು ಹೆದರಬೇಡಿ. ಎಲ್ಲ ಏರ್ಪಾಡು ಮಾಡಿದ್ದೇನೆ. ಆ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಅಣ್ಣಾ ನಗರದಲ್ಲಿ, ಅಯನಾವರಂನಲ್ಲಿ, ಅವರು ಬರುವ ದಾರಿಯಲ್ಲಿ ಎಲ್ಲೂ ಜಾಹೀರಾತು ಕಾಣಿಸುವುದಿಲ್ಲ. ಹಿಂದಿನ ದಿನವೇ ನಾನು ಬೈಕಿನಲ್ಲಿ ಆ ದಾರಿಯಲ್ಲಿ ಹೋಗಿ ನೋಡಿ ಬರುತ್ತೇನೆ. ನಮ್ಮ ಹುಡುಗರಿಗೆ ಆ ವಿಷಯ ಎತ್ತಬಾರದು ಎಂದು ಹೇಳಿದ್ದೇನೆ. ಒಂದು ಒಲೆಯನ್ನು ತೊಳೆದು ರಂಗೋಲಿ ಹಾಕಿ ಇಡುತ್ತೇವೆ, ಮಾವನೇ ಹಚ್ಚಲಿ. ಸಂತೋಷವಾಗಿ ಬಂದು ಸಂತೋಷವಾಗಿ ಹೋಗಲಿ. ಅವರಿಗೆ ಒಂದಿಷ್ಟೂ ನೋವಾಗದ ಹಾಗೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ. ನೀವು ಸುಮ್ಮನಿದ್ದರೆ ಸಾಕು.

ನಿಮ್ಮ,
ಜಯಪ್ರಕಾಶ್


ಪೆರಂಬೂರು
24 ಆಗಸ್ಟ್ 2024

ಜಯಪ್ರಕಾಶನಿಗೆ,

ನಿನ್ನೆ ನೀನು ಎಲೆ ಹಾಕಿಸಿ ಕಾದಿರಬೇಕು. ಎರಡು ಸಲ ಫೋನ್ ಬಂತು, ನಾನು ಎತ್ತಲಿಲ್ಲ. ಯಾಕೆ ಬರಲಿಲ್ಲ ಎಂದು ನಿನಗೆ ತಿಳಿಸಬೇಕಾದ್ದು ನನ್ನ ಕರ್ತವ್ಯ, ಅದಕ್ಕೆ ಬರೆಯುತ್ತಿದ್ದೇನೆ.

ಸುಮ್ಮನಿದ್ದರೆ ಸಾಕು ಎಂದು ಬರೆದಿದ್ದೆಯಲ್ಲ, ಅದನ್ನು ಓದಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ನೀನು ಯಾವ ಪದ, ಯಾವ ದಾರಿ, ಯಾವ ಹೊತ್ತು ಎಂದು ಎಲ್ಲವನ್ನೂ ಯೋಚಿಸಿದೆ. ಈ ಮನುಷ್ಯನ ಜೊತೆ ಒಂದೇ ಮನೆಯಲ್ಲಿ ಬಾಳುವ ಹೆಂಗಸು ಏನು ಮಾಡಬಹುದು ಎಂಬುದನ್ನು ಮಾತ್ರ ಯೋಚಿಸಲಿಲ್ಲ. ನಿನ್ನ ಹುಡುಗರಿಗೆ ಬಾಯಿ ಮುಚ್ಚಿ ಎಂದ ಹಾಗೆಯೇ ನನಗೂ ಹೇಳಿದೆ. ನಿನ್ನನ್ನು ಹದಿನೈದನೇ ವಯಸ್ಸಿನಿಂದ ಊಟ ಹಾಕಿ ಬೆಳೆಸಿದವಳು ನಾನು. ನನಗೆ ತುಂಬ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಅಳು ಬಂತು.

ಬುಧವಾರ ಮಧ್ಯಾಹ್ನ, ಊಟದವರು ಹೋಗಿ ತಿಂಡಿಯವರು ಬರುವ ಮೊದಲು, ನಿನ್ನ ಮಾವನನ್ನು ಕೂರಿಸಿ ಹೇಳಿದೆ. ನಂಬಲಿಲ್ಲ. ನನಗೇ ಬೈದರು. ಎದ್ದು ಆಟೋ ಹಿಡಿದು ಅಯನಾವರಂಗೆ ಹೋದರು. ಹೋಗಿ ಬಸ್ ಸ್ಟ್ಯಾಂಡಿನ ಹತ್ತಿರ ನಿಂತು ಫೋನ್ ನೋಡಿದರಂತೆ. ಮರಳಿ ಬಂದು ಕೈಕಾಲು ತೊಳೆದು ಕುಳಿತರು. "ಪೆರಂಬೂರು ಒಂದನ್ನೇ ಬಿಟ್ಟಿದ್ದಾನಾ?" ಎಂದು ಕೇಳಿದರು. ಹೌದು ಎಂದೆ. ಶುಕ್ರವಾರಕ್ಕೆ ನೀನು ಮಾಡಿದ ಏರ್ಪಾಡನ್ನೂ ಓದಿ ಹೇಳಿದೆ. "ಬೆಳಿಗ್ಗೆಯಿಂದ ಸಂಜೆ ತನಕವಾ? ಲಾಯ್ಕ ಮಾಡಿದ್ದಾನೆ" ಎಂದರು. ಸಿಟ್ಟು ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರು ಎದ್ದು ಕಾಫಿ ಪುಡಿ ಬೆರೆಸಲು ಹೋದರು.

ನಿನ್ನೆ ಬೆಳಿಗ್ಗೆ ಎಲ್ಲರೂ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದಿದ್ದರು. ಕಮಲಾಕರ ರಾಯರು ನಿನಗೆ ಹೊದಿಸಲು ಶಾಲು ತಂದಿದ್ದರು. ಸೆಲ್ವಿ ದುಡ್ಡು ಬೇಡವೆಂದು ಒಂದು ಹಾರ ಕಟ್ಟಿಕೊಂಡು ಬಂದಿದ್ದಳು. ನಿಜ ಹೇಳಿಬಿಡುತ್ತಾರೆ ಎಂದುಕೊಂಡು ನಾನು ಅಡುಗೆಮನೆಯ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದೆ. ನಿನ್ನ ಮಾವ ಗಲ್ಲೆಯಿಂದಲೇ ಹೇಳಿದರು. "ಅಳಿಯ ಫೋನ್ ಮಾಡಿದ್ದ ರಾಯರೇ. ಎಂತದೋ ದೊಡ್ಡ ಆರ್ಡರ್ ಬಂತಂತೆ, ಪಾಪ, ಅವನಿಗೆ ಪುರುಸೊತ್ತಿಲ್ಲ. ಇನ್ನೊಮ್ಮೆ ಹೋಗುವ." ಕಮಲಾಕರ ರಾಯರು, "ಆಗ್ಲಿ ಬಿಡಿ, ಮಾವನ ಹೆಸ್ರು ಉಳಿಸಿದ ಹುಡುಗ, ಅವನ ಕೆಲ್ಸ ಮೊದ್ಲು" ಎಂದರು. ನಿನ್ನ ಮಾವ ಹೌದು ಎಂದರು. ಹಾರವನ್ನು ದೇವರ ಪಟಕ್ಕೆ ಹಾಕಿಸಿದರು.

ಇಷ್ಟು ವರ್ಷ ಆ ಗಲ್ಲೆಯಲ್ಲಿ ಕುಳಿತು ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿರಲಿಲ್ಲ. ನಿನ್ನೆ ಕೇಳಿದೆ. ಇವತ್ತು ಬೆಳಿಗ್ಗೆ ಮತ್ತೆ ಕೇಳಿದೆ, ಯಾರೋ ನಿನ್ನ ಬಗ್ಗೆ ವಿಚಾರಿಸಿದಾಗ. ನೀನು ಏನು ಮಾಡಿದ್ದೀಯ ಎಂಬುದು ಇಡೀ ಮದ್ರಾಸಿನಲ್ಲಿ ಯಾರು ಬೇಕಾದರೂ ನೋಡಬಹುದು, ಪೆರಂಬೂರಿನಲ್ಲಿ ಮಾತ್ರ ಕಾಣುವುದಿಲ್ಲ. ಇಲ್ಲಿ ಅದನ್ನು ಮುಚ್ಚಿಡುವ ಕೆಲಸವನ್ನು ಈಗ ಅವರೇ ವಹಿಸಿಕೊಂಡಿದ್ದಾರೆ. ನಿನ್ನ ಮಾನ ಕಾಯಲು ಅವರು ದಿನಾ ಸುಳ್ಳು ಹೇಳಬೇಕು, ನಾನು ಪಕ್ಕದಲ್ಲಿ ನಿಂತು ಕೇಳಬೇಕು.

ಜಾಹೀರಾತು ಇರಲಿ, ತೆಗೆಯಬೇಡ. ಇನ್ನು ತೆಗೆದರೂ ಅವರು ನೋಡುವುದಿಲ್ಲ. ಫೋನನ್ನು ನನ್ನ ಕೈಗೆ ಕೊಟ್ಟುಬಿಟ್ಟಿದ್ದಾರೆ. ನೀನು ಈ ಕಡೆ ಬರಬೇಡ, ಬಂದರೆ ಅವರು ಎಲ್ಲರ ಎದುರು ಎದ್ದು ಬಂದು ನಿನ್ನನ್ನು ತಬ್ಬಿಕೊಳ್ಳಬೇಕಾಗುತ್ತದೆ.

ರತ್ನಾವತಿ